ಸಂತ ಆಗ್ನೆಸ್ ಗುಡ್ಡದ ಕಾಲುದಾರಿ

ಎಲ್ಡರ್‌ಕೂಮ್, ಡಾರ್ಸೆಟ್
ಭಾನುವಾರ, ೯ ಸೆಪ್ಟೆಂಬರ್ ೧೯೫೧

ಪ್ರೀತಿಯ ಮಗಳೇ ಮೇವಿಸ್,

ಹೇಗಿದ್ದೀಯೆ? ಕಾಲಿನ ಊತ ಇಳಿಯಿತೇ? ಇಡೀ ದಿನ ವಾರ್ಡಿನಲ್ಲಿ ನಿಂತೇ ಇರುವ ಕೆಲಸ ನಿನ್ನದು. ರೂಮಿಗೆ ಬಂದ ಮೇಲೆ ಬಿಸಿನೀರಿಗೆ ಒಂದು ಹಿಡಿ ಉಪ್ಪು ಹಾಕಿ ಕಾಲು ಇಳಿಬಿಟ್ಟು ಕೂತುಕೋ. ನರ್ಸಮ್ಮನಿಗೇ ವೈದ್ಯ ಹೇಳಿಕೊಡ್ತಾಳೆ ಅಂತ ನಗಬೇಡ. ಹೋದ ಸಲ ಬಂದಾಗ ನಿನ್ನ ಕೊರಳ ಮೂಳೆ ಎದ್ದು ಕಾಣುತ್ತಿತ್ತು, ಅದು ನನ್ನ ಕಣ್ಣಿನಿಂದ ಹೋಗಿಲ್ಲ. ಬೆಣ್ಣೆ ಕಳಿಸೋಣವೆಂದರೆ ರೇಷನ್ನಿನಲ್ಲಿ ಬರುವುದು ನಿಮ್ಮಪ್ಪನ ಬ್ರೆಡ್ಡಿಗೇ ಸಾಲದು. ಸೇಬು ಮಾತ್ರ ಈ ವರ್ಷ ಕೊಂಬೆ ಬಾಗುವಷ್ಟು ಬಿಟ್ಟಿದೆ, ಒಂದು ಬುಟ್ಟಿ ರೈಲಿಗೆ ಹಾಕಿಸುತ್ತೇನೆ. ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನ ಸೊಂಟನೋವು ಅಷ್ಟಕ್ಕಷ್ಟೇ. ನಮ್ಮ ನಾಯಿ ನೆಲ್‌ಗೆ ಒಂದು ಕಿವಿ ಕೇಳುವುದಿಲ್ಲ, ಆದರೂ ಕುರಿ ಕಂಡರೆ ಮರಿನಾಯಿಯ ಹಾಗೆ ಓಡುತ್ತದೆ.

ನಿನ್ನ ಕಾಗದ ಓದಿದೆ. “ಅಮ್ಮಾ, ಈ ವಯಸ್ಸಿನಲ್ಲಿ ಮುಳ್ಳುತಂತಿಯ ಕೆಳಗೆ ತೆವಳಿದೆಯಂತೆ, ಸಾಹುಕಾರರ ಜೊತೆ ಜಗಳ ಆಡಿದೆಯಂತೆ, ಇದೆಲ್ಲಾ ನಿಜವೇ?” ಅಂತ ಕೇಳಿದ್ದೀಯಲ್ಲ. ನಿನ್ನ ದೊಡ್ಡಮ್ಮ ಬರೆದಿರಬೇಕು. ಅವಳು ಯಾವಾಗಲೂ ಕತೆಯ ಬಾಲ ಹಿಡಿದು ತಲೆ ಬಿಡುತ್ತಾಳೆ. ತೆವಳಿದ್ದು ನಿಜ. ಕಂದು ಬಣ್ಣದ ಆ ಒಳ್ಳೆ ಸ್ಕರ್ಟು ಹರಿದದ್ದೂ ನಿಜ. ಉಳಿದದ್ದನ್ನು ನಾನು ಹೇಳುತ್ತೇನೆ, ಸಮಾಧಾನವಾಗಿ ಓದು.

ಚರ್ಚಿನ ಬೀಗದ ಕೈ ನಮ್ಮ ಮನೆಯ ಮೊಳೆಗೆ ನೇತುಬಿದ್ದಾಗಿನಿಂದ ಊರು ನೋಡಲು ಬಂದವರೆಲ್ಲ ಮೊದಲು ನಮ್ಮ ಬಾಗಿಲು ತಟ್ಟುವುದು ನಿನಗೆ ಗೊತ್ತೇ ಇದೆ. ಯುದ್ಧ ಮುಗಿದ ಮೇಲೆ ಬರುವವರು ಜಾಸ್ತಿಯಾದರು. ಬೆನ್ನಿಗೆ ಚೀಲ, ಕೈಯಲ್ಲಿ ನಕ್ಷೆ, ಕೆಂಪಗೆ ಸುಟ್ಟ ಮೊಣಕಾಲು. ಅವರನ್ನು ಒಳಗೆ ಕರೆದುಕೊಂಡು ಹೋಗಿ, ಮೂಗಿಲ್ಲದ ಕಲ್ಲಿನ ವೀರನನ್ನು ತೋರಿಸಿ, ಗೋಡೆಯ ಮೇಲಿನ ಚಿತ್ರದಲ್ಲಿ ದೆವ್ವ ಎಳೆದುಕೊಂಡು ಹೋಗುತ್ತಿರುವ ಹೆಂಗಸು ಅಳತೆಯಲ್ಲಿ ಮೋಸ ಮಾಡಿದ ಬಿಯರ್ ಮಾರುವವಳು ಅಂತ ಹೇಳಿದರೆ ಗಂಡಸರೆಲ್ಲ ಒಟ್ಟಿಗೆ ನಗುತ್ತಾರೆ. ಆಮೇಲೆ ಚರ್ಚಿನ ಹಿಂದಿನ ಮರದ ಮೆಟ್ಟಿಲಿನಿಂದ ಬೇಲಿ ದಾಟಿಸಿ, ಹೇಜಲ್ ಮರಗಳ ತೋಪಿನೊಳಗಿಂದ ಗುಡ್ಡ ಹತ್ತಿಸಿ, ಹಳೆಯ ಕಾಲದವರ ಮಣ್ಣಿನ ದಿಬ್ಬ ಸುತ್ತಿಸಿ, ತುದಿಯಲ್ಲಿ ಸಂತ ಆಗ್ನೆಸಳ ಪಾಳು ಗುಡಿಯ ಮುಂದೆ ನಿಲ್ಲಿಸುತ್ತೇನೆ. ಸೂರಿಲ್ಲದ ಆ ನಾಲ್ಕು ಗೋಡೆಗಳ ಮಧ್ಯೆ ನಿಂತು ಕಿಟಕಿಯ ಸಂದಿನಿಂದ ಸಮುದ್ರದ ಗೆರೆ ಕಂಡಾಗ ಎಂಥ ಮಾತುಗಾರರೂ ಬಾಯಿ ಮುಚ್ಚುತ್ತಾರೆ. ಗೋಡೆಯ ಗೂಡಿನಲ್ಲಿ ಕೈಯಿಟ್ಟು ಕೇಳಿಕೊಂಡ ಹುಡುಗಿಗೆ ಗಂಡ ಸಿಗುತ್ತಾನೆ ಎಂದೆ ಒಂದು ಸಲ. ಸೌತಾಂಪ್ಟನ್ನಿನಿಂದ ನಡಿಗೆಯವರ ತಂಡ ಕರೆದುಕೊಂಡು ಬರುವ ಮಿಸ್ ಪಾರ್ಗೆಟರ್ ತಟ್ಟನೆ ಕೈ ಹಿಂದಕ್ಕೆ ಕಟ್ಟಿಕೊಂಡು, “ಬೇಡಪ್ಪಾ, ಇರೋ ಬೆಕ್ಕನ್ನ ಸಾಕೋದೇ ಕಷ್ಟ ಆಗಿದೆ” ಎಂದರು. ಟೀಚರಮ್ಮ. ಒಳ್ಳೆ ಹೆಂಗಸು. ಬರುವಾಗ ಚಹಾಪುಡಿ ತಾವೇ ತರುತ್ತಾರೆ.

ಮೇ ತಿಂಗಳಲ್ಲಿ ಒಂದು ಶನಿವಾರ ಅವರ ತಂಡವನ್ನೇ ಕರೆದುಕೊಂಡು ಹೊರಟಿದ್ದೆ. ಚರ್ಚಿನ ಹಿಂದೆ ಹೋಗಿ ನೋಡಿದರೆ ಮೆಟ್ಟಿಲಿಗೆ ಅಡ್ಡಲಾಗಿ ಮುಳ್ಳುತಂತಿ ಬಿಗಿದಿದೆ, ‘ಖಾಸಗಿ ಜಮೀನು, ದಾರಿ ಇಲ್ಲ’ ಅಂತ ಹೊಸ ಬೋರ್ಡು. ಪಕ್ಕದಲ್ಲಿ ಬೇಟೆತೋಪು ಕಾಯುವ ಸೈಲಸ್ ಬಂದೂಕು ಹೆಗಲಿಗೇರಿಸಿ ನಿಂತಿದ್ದ, ಮುಖ ಹುಳ್ಳಗೆ ಮಾಡಿಕೊಂಡು.

“ಏನಪ್ಪಾ ಸೈಲಸ್ ಇದು?”

“ಡಾರ್ಕಸಕ್ಕಾ, ನನ್ನ ಕೇಳ್ಬೇಡ. ಆರ್ಮರಾಡ್ ಸಾಹೇಬ್ರು ತೋಪಲ್ಲಿ ಬೇಟೆಗೆ ಅಂತ ಫೆಸೆಂಟ್ ಹಕ್ಕಿ ಮರಿ ಬಿಡಿಸಿದ್ದಾರೆ. ಜನ ಓಡಾಡಿದ್ರೆ ಬೆದರ್ತವಂತೆ.”

“ನಾನು ನಿಂತಿರೋದು ನೋಡಿದ್ರೆ ಬೆದರ್ತವಾ? ನಿನ್ನ ಬಂದೂಕು ನೋಡಿದ್ರೆ ಬೆದರಲ್ವಾ?”

“ಅಕ್ಕಾ, ಮನೇಲಿ ಮಕ್ಕಳಿವೆ ನಂಗೆ.”

ಮಿಸ್ ಪಾರ್ಗೆಟರ್, ಬೇರೆ ಕಡೆ ಹೋಗೋಣ ಬಿಡಿ ಎಂದರು. ನನಗೆ ಏನಾಯಿತೋ. ಆರ್ಮರಾಡ್ ಈ ಎಸ್ಟೇಟು ಕೊಂಡು ಮೂರು ವರ್ಷ ಆಗಿಲ್ಲ. ಉತ್ತರದಲ್ಲೆಲ್ಲೋ ಗಿರಣಿ ಮಾರಿ ಬಂದವರು. ನಾನು ಹುಟ್ಟಿದಾಗಿನಿಂದ ತುಳಿದ ದಾರಿ ಇಲ್ಲವೇ ಇಲ್ಲ ಅಂತ ಒಂದು ಹಲಗೆ ಹೇಳಿಬಿಟ್ಟರೆ ಆಯಿತೇ? ಸ್ಕರ್ಟು ಎತ್ತಿ ಕಟ್ಟಿ, ಹುಲ್ಲಿನ ಮೇಲೆ ಮಲಗಿ, ತಂತಿಯ ಕೆಳಗೆ ತೂರಿಕೊಂಡೆ. ಹಿಂದೆ ಚರ್ರ್ ಅಂತ ಸದ್ದಾಯಿತು. ಎದ್ದು ಹಿಂದಿರುಗಿ ನೋಡಿದರೆ ಮಿಸ್ ಪಾರ್ಗೆಟರ್ ಆಗಲೇ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಮಲಗಿದ್ದಾರೆ, ಹಿಂದೆ ಇಡೀ ತಂಡ. ಸೈಲಸ್ ಪಾಪ ಬೆನ್ನು ತಿರುಗಿಸಿ ಮೋಡ ನೋಡುತ್ತಾ ನಿಂತ. ಅವತ್ತು ಗುಡಿ ಎಷ್ಟು ಚೆನ್ನಾಗಿ ಕಂಡಿತು ಅನ್ನುತ್ತೀ!

ಸೋಮವಾರ ಆರ್ಮರಾಡ್ ಮನೆಗೇ ಬಂದರು. ಒಳಗೆ ಕರೆದರೂ ಬರಲಿಲ್ಲ, ಗೇಟಿನಲ್ಲೇ ನಿಂತು ನಿಮ್ಮಪ್ಪನನ್ನು ಕೂಗಿದರು. ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. “ಲೋಡರ್, ಈ ಮನೆ ನಿನ್ನ ಕೆಲಸದ ಜೊತೆ ಬಂದದ್ದು ಅನ್ನೋದು ನೆನಪಿರಲಿ. ಕುರಿ ಚೆನ್ನಾಗಿ ನೋಡ್ಕೋತೀಯ. ಹೆಂಡತೀನೂ ನೋಡ್ಕೋ.” ನಿಮ್ಮಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಅವರ ಸ್ವಭಾವ ನಿನಗೆ ಗೊತ್ತು, ಕುರಿಗಳ ಜೊತೆಗಾದರೂ ಎರಡು ಮಾತಾಡುತ್ತಾರೆ, ಮನುಷ್ಯರ ಜೊತೆ ಇಲ್ಲ. ಆ ವಾರವೆಲ್ಲ ತಟ್ಟೆಯ ಮುಂದೆ ಕೂತು ಆಲೂಗಡ್ಡೆ ತಿಂದು ಎದ್ದು ಹೋದರು. ಈ ಮನೆ ಹೋದರೆ ಎಲ್ಲಿ? ನೀನು ಹುಟ್ಟಿದ ಕೋಣೆ ಇದು. ಕೊನೆಗೆ ನಾನೇ ಕೇಳಿದೆ, “ಹೋಗ್ಬೇಡ ಅಂತೀರಾ? ಹೇಳಿಬಿಡಿ, ಹೋಗಲ್ಲ” ಅಂತ. ಬೂಟಿನ ದಾರ ಬಿಚ್ಚುತ್ತಿದ್ದವರು ತಲೆ ಎತ್ತದೆ, “ಸ್ಕರ್ಟು ಹೊಲ್ಕೊಂಡ್ಯಾ?” ಎಂದರು. ಅಷ್ಟೇ. ಮುಂದಿನ ಶನಿವಾರ ಹೋದೆ. ಅದರ ಮುಂದಿನದೂ ಹೋದೆ. ಮಳೆ ಬಂದರೂ ಹೋದೆ.

ಇಷ್ಟರಲ್ಲಿ ಹೊಸ ಕಾನೂನಿನ ಪ್ರಕಾರ ಪ್ರತಿ ಊರಿನ ಕಾಲುದಾರಿಗಳನ್ನೂ ನಕ್ಷೆಗೆ ಹತ್ತಿಸುತ್ತಾರೆ ಅಂತ ಸುದ್ದಿ ಬಂತು. ಹತ್ತಿದ ದಾರಿ ಎಂದೆಂದಿಗೂ ಎಲ್ಲರದು, ಬಿಟ್ಟುಹೋದದ್ದು ಹೋದಂತೆಯೇ. ಜುಲೈನಲ್ಲಿ ಶಾಲೆಯ ಕೋಣೆಯಲ್ಲಿ ಸಭೆ ಸೇರಿಸಿದರು. ಪಾದ್ರಿಗಳು ಅಧ್ಯಕ್ಷರು, ಜಿಲ್ಲಾ ಕೌನ್ಸಿಲಿನಿಂದ ಒಬ್ಬ ತೆಳ್ಳನೆಯ ಅಧಿಕಾರಿ ಬಂದಿದ್ದ. ಊರೆಲ್ಲ ಬಂದಿತ್ತು. ಮಕ್ಕಳು ಕೂರುವ ಪುಟ್ಟ ಬೆಂಚುಗಳಲ್ಲಿ ದೊಡ್ಡ ದೊಡ್ಡ ಗಂಡಸರು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಆರ್ಮರಾಡ್ ಮಾತ್ರ ಮೇಷ್ಟರ ಕುರ್ಚಿಯಲ್ಲಿ.

ಗಿರಣಿಯ ಓಣಿ, ಹಳ್ಳದ ದಾರಿ, ಒಂದೊಂದಾಗಿ ಸಲೀಸಾಗಿ ಮುಗಿದವು. ಸಂತ ಆಗ್ನೆಸ್ ಗುಡ್ಡದ ದಾರಿ ಬಂದಾಗ ಆರ್ಮರಾಡ್ ಎದ್ದರು. ಅಲ್ಲಿ ದಾರಿ ಅಂತ ಯಾವತ್ತೂ ಇರಲಿಲ್ಲ, ಹಿಂದಿನ ಯಜಮಾನರು ಮರ್ಯಾದೆಗೆ ಒಬ್ಬಿಬ್ಬರನ್ನು ಬಿಟ್ಟಿರಬಹುದು, ಈಗ ಪಟ್ಟಣದ ಸೋಮಾರಿಗಳನ್ನು ಕರೆತರಲು ಒಬ್ಬ ಹೆಂಗಸು ಹೊಸದಾಗಿ ಹುಟ್ಟಿಸಿದ ದಾರಿ ಅದು, ಎಂದರು. ನಾನು ಎದ್ದೆ. ಹೇಳಿದೆ. ಚಿಕ್ಕಂದಿನಿಂದ ನಡೆದದ್ದು, ಈಸ್ಟರ್ ದಿನ ಊರೆಲ್ಲ ಗುಡಿಗೆ ಹತ್ತುತ್ತಿದ್ದದ್ದು, ಎಲ್ಲ. ಅಧಿಕಾರಿ ಕೇಳಿದ, “ಇದನ್ನ ಬೇರೆ ಯಾರಾದ್ರೂ ಹೇಳ್ತೀರಾ?”

ನನ್ನ ಜೊತೆ ಆ ಗುಡ್ಡದಲ್ಲಿ ಉರುಳಾಡಿ ಬೆಳೆದವರೆಲ್ಲ ಬೂಟು ನೋಡುತ್ತಾ ಕೂತರು. ಸಿಟ್ಟು ಬಂತು ಎನ್ನಲಾರೆ. ಎಲ್ಲರ ತಲೆಯ ಮೇಲಿನ ಸೂರೂ ಆರ್ಮರಾಡರದೇ. ಪಾದ್ರಿಗಳು ಕೆಮ್ಮಿ, ಹಾಗಾದರೆ ಮುಂದಿನ ವಿಷಯಕ್ಕೆ ಹೋಗೋಣ ಅಂತ ಬಾಯಿ ತೆರೆದರು.

ಹಿಂದಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು. ನಿಮ್ಮಪ್ಪ ಎದ್ದು ನಿಂತಿದ್ದರು.

ಅವರು ಬಂದದ್ದೇ ನನಗೆ ಗೊತ್ತಿರಲಿಲ್ಲ. ಕುರಿಯ ಉಣ್ಣೆ ಮೆತ್ತಿದ ಕೋಟಿನಲ್ಲೇ ಬಂದಿದ್ದರು. ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರು. ಯಾರೋ ಹುಡುಗರು ಕಿಸಕ್ಕನೆ ನಕ್ಕರು. ಆಮೇಲೆ ಹೇಳಿದರು, ಅವರು ಹೇಳಿದ ಹಾಗೆಯೇ ಬರೆಯುತ್ತೇನೆ: “ನಾನು ಗುಡ್ಡದ ಆ ಕಡೆ ಹೋಲ್ವೆಲ್‌ನಲ್ಲಿ ಹುಟ್ಟಿದೋನು. ಅಲ್ಲಿ ಚರ್ಚಿಲ್ಲ, ಹೂಳೋಕೆ ಜಾಗ ಇಲ್ಲ. ಯಾರು ಸತ್ರೂ ಹೆಗಲ ಮೇಲೆ ಹೊತ್ಕೊಂಡು ಗುಡ್ಡ ದಾಟಿ ಇಲ್ಲಿಗೇ ತರ್ತಿದ್ವಿ. ನಮ್ಮಪ್ಪ ಹೋದಾಗ ಹಿಮ ಮೊಣಕಾಲುದ್ದ ಬಿದ್ದಿತ್ತು. ಪೆಟ್ಟಿಗೆ ಮುಂದಿನ ಬಲಗಡೆ ನಾನು. ಗುಡಿ ಬಾಗಿಲ ಹತ್ರ ಚಪ್ಪಡಿ ಇದ್ಯಲ್ಲ, ಅದ್ರ ಮೇಲೆ ಇಳಿಸಿ ಉಸಿರು ತಗೊಂಡ್ವಿ. ಅವ್ನು ಈಗ ಚರ್ಚಿನ ಹಿಂದೆ ಮಲಗಿದ್ದಾನೆ, ಬೇಕಾದ್ರೆ ಬಂದು ನೋಡಿ. ದಾರಿನೇ ಇರ್ಲಿಲ್ಲ ಅಂದ್ರೆ ನಮ್ಮಪ್ಪ ಅಲ್ಲಿಗೆ ಹೇಗೆ ಬಂದ ಸ್ವಾಮಿ? ಹಾರ್ಕೊಂಡು ಬಂದ್ನಾ?”

ಯಾರೂ ನಗಲಿಲ್ಲ. ಮುಂದಿನ ಬೆಂಚಿನಲ್ಲಿ ಕೂತಿದ್ದ ಮುದುಕಿ ಪಿಟ್‌ಮನ್ ಕಿವಿ ಕೇಳದಿದ್ದರೂ ಅದು ಹೇಗೆ ತಿಳಿಯಿತೋ, ಕೋಲು ಊರಿ ಎದ್ದು, “ನಮ್ಮವ್ವನ್ನೂ ಅಲ್ಲೇ ತಂದಿದ್ದು! ಅದೇ ಚಪ್ಪಡಿ!” ಅಂತ ಕಿರುಚಿದಳು. ಅವಳ ಮಗ ಎದ್ದ. ಕಮ್ಮಾರ ಎದ್ದ. ಆಮೇಲೆ ಯಾರು ಮೊದಲು ಯಾರು ಆಮೇಲೆ ಅನ್ನುವುದು ನನಗೆ ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ಸೈಲಸ್ ಏಳಲಿಲ್ಲ. ಅವನ ಮೇಲೆ ನನಗೆ ಬೇಸರವಿಲ್ಲ, ಅವನ ಮಕ್ಕಳಿಗೂ ನಾನು ಹಾಗೇ ಹೇಳಿದ್ದೇನೆ.

ಹೊರಗೆ ಬಂದಾಗ ಆರ್ಮರಾಡ್ ಬಾಗಿಲಲ್ಲೇ ನಿಂತಿದ್ದರು. “ನಿನ್ನಪ್ಪನಿಗೆ ದಾರಿ ಸಿಕ್ತು ಲೋಡರ್. ಈಗ ನಿನ್ನ ದಾರಿ ನೀನು ನೋಡ್ಕೋ.” ನಿಮ್ಮಪ್ಪ ಟೋಪಿ ತಲೆಗೆ ಹಾಕಿಕೊಂಡೇ ಉತ್ತರ ಕೊಟ್ಟರು: “ಆಗ್ಲಿ ಸಾರ್. ಕುರಿಗಳನ್ನ ಯಾರಿಗೆ ಒಪ್ಪಿಸ್ಲಿ ಅಂತ ಹೇಳಿ. ಎಡಗಡೆ ಕೊಟ್ಟಿಗೇಲಿರೋ ಎರಡಕ್ಕೆ ಗೊರಸು ಕೊಳೀತಾ ಇದೆ, ಬರೋನು ಮೊದ್ಲು ಅದನ್ನ ನೋಡ್ಬೇಕು.”

ಆಗಸ್ಟಿನಲ್ಲಿ ತೀರ್ಮಾನ ಬಂತು. ದಾರಿ ನಕ್ಷೆಗೆ ಹತ್ತಿತು. ತಂತಿ ಕಿತ್ತದ್ದು ಸೈಲಸನೇ. ಅದೇ ವಾರ ನಮಗೂ ಹೇಳಿಕಳಿಸಿದರು, ಈ ತಿಂಗಳ ಕೊನೆಗೆ ಬರುವ ಮೈಕೆಲ್‌ಮಸ್ ಹಬ್ಬಕ್ಕೆ ಮನೆ ಖಾಲಿಯಾಗಬೇಕು ಅಂತ. ಅಳುತ್ತಾ ಕೂತಿದ್ದೇವೆ ಎಂದುಕೊಳ್ಳಬೇಡ. ಅತ್ತದ್ದು ನಾನು ಒಂದೇ ಸಲ, ನಿನ್ನ ತೊಟ್ಟಿಲು ಅಟ್ಟದಿಂದ ಇಳಿಸಿದಾಗ. ಈ ಸುದ್ದಿಯೂ ನಿನ್ನ ಕಿವಿಗೆ ಬಿದ್ದಿರಬೇಕು, ನನ್ನ ರೂಮಿಗೇ ಬಂದುಬಿಡಿ ಅಂತ ಬರೆದಿದ್ದೀಯೆ, ನಿನ್ನ ಮನಸ್ಸು ದೊಡ್ಡದು, ಆದರೆ ಬರ್ಮಿಂಗ್‌ಹ್ಯಾಮಿನ ಹೊಗೆಯಲ್ಲಿ ನಿಮ್ಮಪ್ಪನನ್ನೂ ನೆಲ್‌ನನ್ನೂ ಮೂರನೆಯ ಅಂತಸ್ತಿನಲ್ಲಿ ಕೂರಿಸುವುದು ಆಗದ ಮಾತು. ಈ ಗುಡ್ಡ ಕಾಣದ ಕಡೆ ನಾವು ಹೋಗುವುದಿಲ್ಲ. ಅದು ತೀರ್ಮಾನ. ಮಾಡಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಮತ್ತೆ ಹಾಗೇ ಬಂದರೆ ಮತ್ತೆ ಹಾಗೇ ಮಾಡುತ್ತೇನೆ, ಈ ಸಲ ಹಳೆಯ ಸ್ಕರ್ಟು ಉಟ್ಟುಕೊಂಡು.

ನಿನ್ನೆ ಮಿಸ್ ಪಾರ್ಗೆಟರ್ ದೊಡ್ಡ ತಂಡದೊಂದಿಗೆ ಬಂದಿದ್ದರು. ಮೊಟ್ಟಮೊದಲ ಸಲ ನಿಮ್ಮಪ್ಪನೂ ನಮ್ಮ ಜೊತೆ ಹತ್ತಿದರು. ಗುಡಿಯ ಬಾಗಿಲಲ್ಲಿ ಯಾರೋ ಹುಡುಗಿ, ಈ ಚಪ್ಪಡಿ ಯಾಕೆ ಇಷ್ಟು ನುಣುಪಾಗಿದೆ ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮಪ್ಪನೇ ಹೇಳತೊಡಗಿದರು. ಯಾವ ಮನೆಯವರನ್ನು ಯಾವ ಕಾಲದಲ್ಲಿ ತಂದರು, ಹೊತ್ತವರು ದಾರಿಯಲ್ಲಿ ಏನು ಹಾಡುತ್ತಿದ್ದರು, ಯಾವ ಮುದುಕ ಬದುಕಿದ್ದಾಗಲೇ ಆ ಕಲ್ಲಿನ ಮೇಲೆ ಮಲಗಿ ಅಳತೆ ನೋಡಿಕೊಂಡ, ಎಲ್ಲಾ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೆ ಹೇಳದ ಕತೆಗಳು! ನಾನು ಹುಲ್ಲಿನ ಮೇಲೆ ಕೂತು ಬಂದವರ ಜೊತೆ ಬಂದವಳ ಹಾಗೆ ಕೇಳಿದೆ.

ಒಲೆಯ ಮೇಲೆ ಸಾರು ಉಕ್ಕುತ್ತಿದೆ, ನಿಲ್ಲಿಸುತ್ತೇನೆ. ವಾರ್ಡಿನ ಹಿರಿಯ ಸಿಸ್ಟರ್ ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಹೊಟ್ಟೆ ತುಂಬ ತಿನ್ನು. ದೇವರು ನಿನ್ನನ್ನು ಕಾಪಾಡಲಿ. ನಿಮ್ಮಪ್ಪ ಪ್ರೀತಿ ತಿಳಿಸಿದ್ದಾರೆ, ಅಂದರೆ ನಾನು ಕೇಳಿದಾಗ ತಲೆ ಆಡಿಸಿದರು.

ನಿನ್ನ ಪ್ರೀತಿಯ ಅಮ್ಮ,
ಡಾರ್ಕಸ್ ಲೋಡರ್

ಅವಸರದಲ್ಲಿ ಮತ್ತೊಂದು ಮಾತು: ಹೋಲ್ವೆಲ್‌ನ ಹಳೆಯ ನೀರುಗಿರಣಿಯನ್ನು ನಡಿಗೆಯವರ ಸಂಘದವರು ಕೊಂಡು ತಂಗುಮನೆ ಮಾಡುತ್ತಿದ್ದಾರಂತೆ, ನೋಡಿಕೊಳ್ಳಲು ಗಂಡ ಹೆಂಡತಿ ಬೇಕು, ಇರಲು ಎರಡು ಕೋಣೆ, ಹಿಂದೆ ಹುಲ್ಲುಗಾವಲು, ನಾಯಿಗೆ ಅಡ್ಡಿಯಿಲ್ಲ. ನಿನ್ನೆ ಮಿಸ್ ಪಾರ್ಗೆಟರ್ ಕೇಳಿದರು, ನಾನು ಅಲ್ಲೇ ನಿಂತಲ್ಲೇ ಒಪ್ಪಿಬಿಟ್ಟೆ. ದಿನಾ ರಾತ್ರಿ ಮನೆ ತುಂಬ ಅಪರಿಚಿತರು ಅಂತ ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಮುಂದಿನ ಭಾನುವಾರ ಹೇಗಾದರೂ ರಜೆ ಹಾಕಿ ಬಾ, ನೀನೇ ಹೇಳು. ನಿನಗೆ ಅವರು ಯಾವತ್ತೂ ಇಲ್ಲ ಅಂದದ್ದಿಲ್ಲ.