ಪಕ್ಕದ ಸೈಟಿನ ಪಾರ್ಥೇನಿಯಂ

೧೩ ಆಗಸ್ಟ್ ೨೦೦೬, ಭಾನುವಾರ, ಬಾಗಲೂರು

ಮೈಯ ನವೆ ಇನ್ನೂ ಹೋಗಿಲ್ಲ. ಪಕ್ಕದ ಖಾಲಿ ಸೈಟಿನ ಪಾರ್ಥೇನಿಯಂ ಈ ವರ್ಷವೂ ನಮ್ಮ ಅಂಗಳಕ್ಕೆ ನುಗ್ಗಿದೆ. ಸೈಟಿನ ಯಜಮಾನ ಯತಿರಾಜ್‌ಗೆ ಫೋನು ಮಾಡಿ ಬೈದರೆ, "ಮಳೆ ಬಂದ್ರೆ ಗಿಡ ಬರ್ತದೆ, ನಾನೇನ್ ಮಾಡ್ಲಮ್ಮ?" ಅಂತಾನೆ! ನನ್ನ ಮಗಳು ಸಿಂಧುವಿಗೆ ಉಬ್ಬಸ ಹೆಚ್ಚಾದರೆ ಅವನು ಬಂದು ಎದೆ ನೀವುತ್ತಾನೇನು?

ಹೋದ ಭಾನುವಾರ ನಾನೇ ಕೂತು ಅಂಗಳದ್ದನ್ನೆಲ್ಲ ಬೇರುಸಹಿತ ಕಿತ್ತು, ಸುಡಲೆಂದು ಗೇಟಿನ ಹತ್ತಿರ ಒಣಹಾಕಿದ್ದೆ. ಇವತ್ತು ನೋಡಿದರೆ ರಾಶಿಯೇ ಇಲ್ಲ. ಅತ್ತೆ ಅದನ್ನೇ ಪೊರಕೆ ಕಟ್ಟಿ ಅಂಗಳ ಗುಡಿಸುತ್ತಿದ್ದಾರೆ! ಬೀಸಿದಷ್ಟೂ ಬೀಜ ಉದುರುತ್ತಿದೆ.

"ಸುಡೋದ್ಯಾಕೆ ಕಣಮ್ಮಿ? ಎಷ್ಟ್ ಚೆನ್ನಾಗಿ ಗುಡಿಸ್ತದೆ ನೋಡು. ಬೀದಿಯೋರ್ಗೆಲ್ಲ ಒಂದೊಂದು ಕೊಟ್ಬುಟ್ಟೆ."

ಇನ್ನು ಯತಿರಾಜ್‌ಗೆ ಯಾವ ಬಾಯಲ್ಲಿ ಫೋನು ಮಾಡಲಿ?