ಗೆರೆಯಿಲ್ಲದ ಹಾಳೆ

೯ ಮಾರ್ಚ್, ಭಾನುವಾರ

ಪ್ರೀತಿಯ ಮೊಂಡನಿಗೆ,

ಅಕ್ಕನ ಆಶೀರ್ವಾದ. ಈ ಸಲದ ಕಾಗದ ಹದಿನೈದು ದಿನ ತಡ, ಬೇಜಾರು ಮಾಡ್ಕೋಬೇಡ. ಕೆಲಸ ಜಾಸ್ತಿ ಅಂತ ಸುಳ್ಳು ಹೇಳೋಣ ಅಂದ್ರೆ, ಪ್ರಮಾಣಪತ್ರಗಳ ಮೇಲೆ ಹೆಸರು ಬರೆಯೋ ಕೆಲಸ ಈ ವರ್ಷ ಅರ್ಧಕ್ಕರ್ಧ ಇಳಿದಿದೆ. ಎರಡು ಶಾಲೆಯವರು ಕಂಪ್ಯೂಟರಿಗೆ ಹೋದರು. ಮೂರನೆಯವರು ಅಕ್ಷರ ಚಿಕ್ಕದಾಯ್ತು ಅಂತ ವಾಪಸ್ ಕಳಿಸಿದರು. ಹೊಸ ಕನ್ನಡಕ ಮಾಡಿಸಿದೆ.

ತಡವಾದದ್ದು ಕೋಪಕ್ಕೆ. ಹೋದ ತಿಂಗಳು ನಿಮ್ಮೂರಿನ ಸಭಾಂಗಣಕ್ಕೆ ನಾನೂ ಬಂದಿದ್ದೆ ಕಣೋ. ಯುವ ಸಂಶೋಧಕರು ಎಂಟೆಂಟು ನಿಮಿಷದಲ್ಲಿ ತಮ್ಮ ಕೆಲಸವನ್ನು ಜನ ನಗೋ ಹಾಗೆ ಹೇಳ್ತಾರಂತೆ, ಯಾರಿಗೆ ಜಾಸ್ತಿ ಚಪ್ಪಾಳೆಯೋ ಅವರಿಗೆ ಬಹುಮಾನವಂತೆ, "ಪಟ್ಟಿಯಲ್ಲಿ ನಿನ್ನ ತಮ್ಮನೂ ಇದ್ದಾನೆ" ಅಂತ ಪ್ರಮಾಣಪತ್ರ ಅಚ್ಚು ಹಾಕೋ ಪ್ರೆಸ್ಸಿನ ಗೆಳತಿ ಹೇಳಿದಳು. ನೀನಂತೂ ಉಸಿರೇ ಬಿಟ್ಟಿರಲಿಲ್ಲ. ನಾಚಿಕೆ ಇರಬೇಕು ಪಾಪ ಅಂದುಕೊಂಡು ಕೊನೇ ಸಾಲಲ್ಲಿ ಕೂತೆ.

ಆಳೆತ್ತರದ ರಟ್ಟಿನ ಪೆನ್ನು ಹೊತ್ತು ಬಂದೆಯಲ್ಲ, ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಮಿದುಳಿನ ಒಂದು ಕಾಯಿಲೆಯಲ್ಲಿ ಬರೀತಾ ಬರೀತಾ ಅಕ್ಷರ ಕುಗ್ಗುತ್ತೆ, ಕೈ ನಡುಗೋದಕ್ಕೆ ಎಷ್ಟೋ ಮುಂಚೆಯೇ ಅದು ಶುರುವಾಗಬಹುದು ಅಂತ ವಿವರಿಸಿದೆ. ಆಮೇಲೆ ಪರದೆ ಮೇಲೆ ಒಂದು ಸಾಲು ಬಂತು. ಅದರ ಮೇಲೆಲ್ಲ ನೀನು ಕೆಂಪು ಅಳತೆ ಗೀಚಿದ್ದೆ, ಸಭೆಯಲ್ಲಿ ನನ್ನ ಬಿಟ್ಟು ಯಾರೂ ಓದೋ ಹಾಗಿರಲಿಲ್ಲ. "ನೋಡಿ, ಆನೆಯಾಗಿ ಹೊರಟು ಇರುವೆಯಾಗಿ ಮನೆ ಸೇರಿದೆ" ಅಂದೆ. ಜನ ಬಿದ್ದೂ ಬಿದ್ದೂ ನಕ್ಕರು. ಅದು ನನ್ನ ಕೈಬರಹ. ನನ್ನ ಅಕ್ಷರ ನನಗೆ ಗೊತ್ತಾಗಲ್ವಾ?

ಅವತ್ತಿನಿಂದ ಎಲ್ಲದರ ಮೇಲೂ ಅನುಮಾನ. ಬರೀ ಫೋನು ಮಾಡ್ಕೊಂಡಿದ್ದವನು ಒಂದೂವರೆ ವರ್ಷದ ಹಿಂದೆ ಇದ್ದಕ್ಕಿದ್ದಂತೆ, ಅಕ್ಕ, ಕಾಗದ ಬರಿ, ನಿನ್ನ ಅಕ್ಷರ ನೋಡಿದರೆ ನೀನೇ ಎದುರು ಕೂತ ಹಾಗಿರುತ್ತೆ ಅಂತ ಶುರು ಮಾಡಿದೆ. ನಾನು ಕರಗಿ ನೀರಾದೆ. ಗೆರೆಯಿಲ್ಲದ ಹಾಳೆ ನೀನೇ ಕಳಿಸಿದೆ, ಒಂದೇ ಥರದ ಪೆನ್ನು ಕಳಿಸಿದೆ, ತಾರೀಖು ಹಾಕೋದು ಮರೀಬೇಡ ಅಂತ ಎರಡೆರಡು ಸಲ ಹೇಳಿದೆ. ಪೆದ್ದಿ ನಾನು, ತಮ್ಮನಿಗೆ ನನ್ನ ಮೇಲೆ ಎಷ್ಟು ಅಕ್ಕರೆ ಅಂತ ಪ್ರೆಸ್ಸಿಗೆಲ್ಲ ಡಂಗುರ ಸಾರಿಕೊಂಡು ಬಂದೆ. ಈಗ ಹೇಳು, ಆ ಕಾಗದಗಳನ್ನ ನೀನು ತರಿಸಿಕೊಂಡದ್ದು ಅಕ್ಕನಿಂದಲೋ, ರೋಗಿಯಿಂದಲೋ? ನನ್ನ ಕೈಗೆ ಏನಾಗಿದೆ ಅಂತ ಮುನ್ನೂರು ಜನಕ್ಕೆ ಹೇಳಿದವನು ನನಗ್ಯಾಕೆ ಹೇಳಲಿಲ್ಲ?

ಗುರುವಾರ ಡಾಕ್ಟರ ಹತ್ತಿರ ಹೋಗ್ತೀನಿ. ನೀನು ಬರ್ತೀಯಾ ಅಂತ ಕೇಳಲ್ಲ.

ನಾನು ಎದ್ದು ಬಂದ ಮೇಲೆ ಬಹುಮಾನ ನಿನಗೇ ಬಂತಂತೆ, ಸಂತೋಷ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಚೆನ್ನಾಗಿರು.

ನಿನ್ನ
ಅಕ್ಕ

ತಾ.ಕ.: ಜನ ನಕ್ಕಿದ್ದಕ್ಕೆ ನನಗೇನೂ ನೋವಿಲ್ಲ. ಆ ಸಾಲಿನ ಒಂದೊಂದು ಅಕ್ಷರದ ಎತ್ತರವನ್ನೂ ಅಳೆದಿದ್ದೆಯಲ್ಲ, ಅದರಲ್ಲಿ ಏನು ಬರೆದಿತ್ತು ಅಂತ ಓದಿದ್ದೆಯಾ? ಅಕ್ಟೋಬರಿನ ಕಾಗದದ್ದು ಅದು. "ಬಲಗೈ ಯಾಕೋ ಮಾತು ಕೇಳ್ತಿಲ್ಲ ಕಣೋ, ಭಯ ಆಗ್ತಿದೆ, ಒಂದು ಸಲ ಬಂದು ಹೋಗು" ಅಂತ ಬರೆದಿದ್ದೆ.