ಸ್ಕ್ರೂ ಹಾಕಿದ ಚಾವಣಿ

ಹನ್ನೆರಡನೇ ತಾರೀಕು, ಮಂಗಳವಾರ

ಪ್ರೀತಿಯ ಮಗಳಿಗೆ, ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕಣ್ಣು ಎಳೆಯುತ್ತಿತ್ತು, ಬೈಯಬೇಡ. ಬೆಳಗ್ಗೆ ಹೊಲಿಗೆ ಅಂಗಡಿ, ಮಧ್ಯಾಹ್ನ ಮನೆ ಕಟ್ಟುವ ಜಾಗ. ತಲೆಗೂದಲಲ್ಲೂ ಸಿಮೆಂಟಿನ ಧೂಳು.

ಗೋಡೆ ಎದ್ದಿದೆ. ಮರದ ಹಲಗೆಯಾದರೆ ಬೇಗ ಮುಗಿಯುತ್ತದೆ ಎಂದಳು ನಿನ್ನ ಚಿಕ್ಕಮ್ಮ. ಹಳೆಯ ಮನೆ ಚಂಡಮಾರುತಕ್ಕೆ ಹೋದಾಗಿನಿಂದ, ಎರಡು ವರ್ಷ, ಅವಳ ಮನೆಯಲ್ಲೇ ಇದ್ದೇನಲ್ಲ, ಅವಳಿಗೂ ಸಾಕಾಗಿರಬೇಕು. ನಾನು ಒಪ್ಪಲಿಲ್ಲ. ಟೊಳ್ಳು ಸಿಮೆಂಟ್ ಬ್ಲಾಕ್ ಇಡಿಸಿ, ಒಳಗೆ ತಳಪಾಯದಿಂದಲೇ ಕಬ್ಬಿಣದ ಸರಳು ನಿಲ್ಲಿಸಿ, ಕಾಂಕ್ರೀಟ್ ತುಂಬಿಸಿದೆ.

ಚಾವಣಿಯ ವಿಷಯಕ್ಕಂತೂ ಮೇಸ್ತ್ರಿಯ ತಲೆ ತಿಂದುಬಿಟ್ಟೆ. ತೆಳು ತಗಡು ತಂದಿದ್ದ, ವಾಪಸು ಕಳಿಸಿ ದಪ್ಪನೆಯದು ತರಿಸಿದೆ. ಮೊಳೆ ಹೊಡೆಯಲು ಸುತ್ತಿಗೆ ಎತ್ತಿದವನನ್ನು ತಡೆದು ಸ್ಕ್ರೂ ಹಾಕು ಎಂದೆ. ತೊಲೆಗಳನ್ನು ಗೋಡೆಗೆ ಬಿಗಿಯಲು ಕಬ್ಬಿಣದ ಪಟ್ಟಿ, ಅದೂ ಉಪ್ಪುಗಾಳಿಗೆ ತುಕ್ಕು ಹಿಡಿಯದ್ದು. ಮಂಡಿನೋವಿನಲ್ಲೂ ಏಣಿ ಹತ್ತಿ ಒಂದೊಂದನ್ನೂ ಅಲ್ಲಾಡಿಸಿ ನೋಡಿದೆ.

"ಏನಮ್ಮಾ, ಅಂಗಿಗೆ ಗುಂಡಿ ನೋಡೋ ಹಾಗೆ ನೋಡ್ತೀರಲ್ಲ" ಎಂದು ಅವನು ನಕ್ಕ. ನನಗೂ ನಗು ಬಂತು. ಬಹಳ ದಿನದ ಮೇಲೆ. ಆಮೇಲೆ ಮೆತ್ತಗೆ ಅಂದ: "ಎಷ್ಟೇ ಗಟ್ಟಿಯಾಗಿ ಕಟ್ಟಿದ್ರೂ, ಚಂಡಮಾರುತ ಬರ್ತಿದೆ, ಮನೆ ಖಾಲಿ ಮಾಡಿ ಅಂದಾಗ ಹೋಗ್ಲೇಬೇಕು." ನಾನು ಏಣಿ ಇಳಿದು ಮರಳುಗುಡ್ಡೆಯ ಮೇಲೆ ಹೋಗಿ ಕೂತೆ.

ಮುಂದಿನ ವಾರ ಕಿಟಕಿಗಳಿಗೆ ಹೊರಗಿನಿಂದ ಮುಚ್ಚುವ ಗಟ್ಟಿ ಬಾಗಿಲುಗಳು ಬರುತ್ತವೆ. ಅಷ್ಟಾದರೆ ಒಂದು ದಿನ ಪೂರ್ತಿ ಮಲಗುತ್ತೇನೆ. ಅಳಿಯಂದಿರನ್ನು ಕೇಳಿದೆ ಎಂದು ಹೇಳು. ಪಾಪುವಿಗೆ ಕೆನ್ನೆ ತುಂಬ ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ ಅಮ್ಮ

ಮತ್ತೆ: ಮನೆ ಬಿಡುವುದಿಲ್ಲ ಎಂಬ ಅಪ್ಪನ ಹಟವೇ ಅವರ ಪ್ರಾಣ ತೆಗೆಯಿತು, ಆ ಸಿಟ್ಟು ಇನ್ನೂ ಆರಿಲ್ಲ ಎಂದು ಬರೆದಿದ್ದೀಯ. ಹಾಗೆಂದು ನಿನಗೆ ಹೇಳಿದವಳು ನಾನೇ. ಅದು ಸುಳ್ಳು. ಚಂಡಮಾರುತದ ಎಚ್ಚರಿಕೆ ಬಂದ ದಿನ ಬೆಳಗ್ಗೆಯೇ ಅಪ್ಪ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಎಲ್ರೂ ಶಾಲೇಲಿ ಸೇರಿದ್ದಾರೆ, ನಡಿ" ಎಂದರು. ಹೊಲಿಗೆ ಮೆಷಿನ್ನು ಬಿಟ್ಟು ಬರುವುದಿಲ್ಲ ಎಂದವಳು ನಾನು. ಮೂರು ಸಲ ಕರೆದರು. ಆಮೇಲೆ ಚೀಲ ಕೆಳಗಿಟ್ಟು ನನ್ನ ಪಕ್ಕ ಕೂತರು. ಮಧ್ಯಾಹ್ನ ಗಾಳಿಗೆ ಚಾವಣಿ ಕಿತ್ತು ತೊಲೆ ಅವರ ಮೇಲೆ ಬಿತ್ತು. ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡು ಮಗಳೇ, ಅವರ ಮೇಲೆ ಬೇಡ.